ಹಿಮ್ಮಡಿಯ ಗಂಟು, ಕೊಲ್ಹಾರದ ದಾರಿ

ವಿಜಯಪುರ ಎಂದೊಡನೆ ಹೊರಗಿನವರ ಕಣ್ಣಮುಂದೆ ಬಂದು ನಿಲ್ಲುವುದು ಗೋಲಗುಮ್ಮಟ. 1656ರ ಹೊತ್ತಿಗೆ ಕಟ್ಟಿ ಮುಗಿದ ಮಹಮ್ಮದ್ ಆದಿಲ್‌ಶಾಹನ ಗೋರಿ, ಸುಮಾರು 44 ಮೀಟರ್ ವ್ಯಾಸದ ಗುಮ್ಮಟ, ಗೋಡೆಗೆ ಕಿವಿಗೊಟ್ಟರೆ ಆಚೆ ಬದಿಯ ಪಿಸುಮಾತು ಕೇಳಿಸುವ ಮೊಗಸಾಲೆ. ಶಾಲಾ ಪ್ರವಾಸಕ್ಕೆ ಬಂದ ಯಾವ ಮಗುವೂ ಇವನ್ನು ಮರೆಯದು. ಆದರೆ ಈ ಊರಿಗೆ ಇನ್ನೊಂದು ಹೆಮ್ಮೆಯಿದೆ. ಅದನ್ನು ನೋಡಲು ಟಿಕೆಟ್ಟು ಬೇಕಿಲ್ಲ. ನಸುಕಿನಲ್ಲೆದ್ದು ಊರ ಹೊರಗಿನ ಹೆದ್ದಾರಿಯ ಬದಿಗೆ ಬಂದು ನಿಂತರೆ ಸಾಕು. ತಲೆ ತಗ್ಗಿಸಿ, ಬೆನ್ನು ಬಾಗಿಸಿ, ಒಬ್ಬರ ಹಿಂದೊಬ್ಬರಂತೆ ಸೈಕಲ್ ತುಳಿಯುತ್ತ ಹುಡುಗ ಹುಡುಗಿಯರು ಸುಯ್ಯೆಂದು ಸಾಗಿಹೋಗುತ್ತಾರೆ.

ಕರ್ನಾಟಕದ ಸೈಕಲ್ ಕ್ರೀಡೆಯ ತವರು ಎಂದರೆ ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳೇ. 1997ರವರೆಗೆ ಇವೆರಡೂ ಒಂದೇ ಜಿಲ್ಲೆಯಾಗಿದ್ದವು. ಆಗ ಊರಿನ ಹೆಸರೂ ಬಿಜಾಪುರವೇ. 2014ರ ನವೆಂಬರ್ 1ರಂದು ಅದು ವಿಜಯಪುರವಾಯಿತು. ಹಳ್ಳಿಯ ಜಾತ್ರೆಗಳಲ್ಲಿ ಎತ್ತಿನ ಗಾಡಿಯ ಶರ್ಯತ್ತಿನ ಜೊತೆಗೆ ಸೈಕಲ್ ಶರ್ಯತ್ತನ್ನೂ ಇಟ್ಟುಕೊಳ್ಳುವ ಸೀಮೆಯಿದು. ಘಟ್ಟಗಳಿಲ್ಲದ ಬಯಲು, ಹತ್ತಾರು ಮೈಲಿ ನೇರಕ್ಕೆ ಚಾಚಿದ ರಸ್ತೆ, ತಡೆಯಿಲ್ಲದೆ ಬೀಸುವ ಗಾಳಿ ಇಲ್ಲಿನ ಸವಾರರ ಪಾಠಶಾಲೆ. ರಾಷ್ಟ್ರಮಟ್ಟದ ಸ್ಪರ್ಧೆಗಳಲ್ಲಿ ಪದಕ ಗೆದ್ದ ಅನೇಕರು ಈ ಪಾಠಶಾಲೆಯಲ್ಲೇ ಕಲಿತವರು.

ಈ ರಸ್ತೆಗಳನ್ನು ಕಣ್ಣಿನಿಂದ ನೋಡುವವರು ಬಹಳ. ಕಾಲಿನಿಂದ, ಅದರಲ್ಲೂ ಹಿಮ್ಮಡಿಯಿಂದ ಓದುವವರು ಕೆಲವರು ಮಾತ್ರ. ಹಿಮ್ಮಡಿಯ ಹಿಂಬದಿಯಲ್ಲಿ, ಬೂಟಿನ ಅಂಚು ತಾಗುವ ಕಡೆ, ಅಡಿಕೆಯಷ್ಟೋ ಹುಣಸೆಬೀಜದಷ್ಟೋ ಗಟ್ಟಿಯಾದ ಎಲುಬಿನ ಉಬ್ಬು ಇರುವವರು ಅವರು. ಅಂಥ ಹದಿನೆಂಟರ ಕಾಲೇಜು ಹುಡುಗನೊಬ್ಬ ಡಿಸೆಂಬರಿನ ಒಂದು ಮುಂಜಾನೆ ವಿಜಯಪುರದಿಂದ ಕೊಲ್ಹಾರಕ್ಕೆ ಹೊರಟನೆನ್ನಿ. ದಾರಿ ಸುಮಾರು 40 ಕಿಲೋಮೀಟರು. ಮೂರು ವಾರ ಬಿಟ್ಟು ಆಯ್ಕೆಯ ಸ್ಪರ್ಧೆಯಿದೆ. ಬಲಗಾಲಿನ ಗಂಟಿನ ವಿಷಯ ತರಬೇತುದಾರರಿಗೆ ಗೊತ್ತಿಲ್ಲ. ಗೊತ್ತಾದರೆ ಪಟ್ಟಿಯಿಂದ ಹೆಸರು ಹೋದೀತೆಂಬ ಹೆದರಿಕೆ ಹುಡುಗನಿಗೆ.

ಬೆನ್ನಿಗೆ ಬಿದ್ದ ಗಾಳಿ

ಡಿಸೆಂಬರ್ ಈ ಬಯಲಿನ ಚೆಲುವಿನ ತಿಂಗಳು. ಊರು ದಾಟಿ ಜುಮನಾಳದ ದಾರಿ ಹಿಡಿದರೆ ಎರಡೂ ಕಡೆ ಎರೆಹೊಲ. ಹಿಂಗಾರಿಯ ಬಿಳಿಜೋಳ ಎದೆಯೆತ್ತರ ನಿಂತಿರುತ್ತದೆ. ನಡುನಡುವೆ ಕಡಲೆ, ಅಂಚಿಗೆ ಮುಳ್ಳುಮುಳ್ಳಾದ ಕುಸುಬಿ. ಎಳ್ಳ ಅಮಾವಾಸ್ಯೆ ಹತ್ತಿರವಾದರೆ ಹೊಲಕ್ಕೆ ಚರಗ ಚೆಲ್ಲಲು ಹೊರಟ ಬಂಡಿಗಳು. ಅದು ಕಳೆದರೆ ಸೀತನಿ ಸುಡುವ ಹೊಗೆ. ಕಬ್ಬು ನುರಿಸುವ ಕಾಲವಾದ್ದರಿಂದ ಎರಡೆರಡು ಟ್ರೇಲರ್ ಎಳೆಯುವ ಟ್ರಾಕ್ಟರುಗಳ ಸಾಲೂ ಉಂಟು. ಹಾಡಿನ ಅಬ್ಬರದಲ್ಲಿ ಚಾಲಕನಿಗೆ ಹಿಂದಿನ ಹಾರ್ನೇ ಕೇಳುವುದಿಲ್ಲ. ಸೈಕಲ್ಲಿನ ಗಂಟೆ ಕೇಳೀತೇ? ಹೆಲ್ಮೆಟ್ಟು, ಹಿಂದೊಂದು ಕೆಂಪು ದೀಪ ಇಲ್ಲದೆ ಈ ಹೊತ್ತಿನಲ್ಲಿ ರಸ್ತೆಗಿಳಿಯುವುದು ಜಾಣತನವಲ್ಲ.

ಚಳಿಗಾಲದಲ್ಲಿ ಇಲ್ಲಿ ಗಾಳಿ ಬೀಸುವುದು ಹೆಚ್ಚಾಗಿ ಈಶಾನ್ಯದಿಂದ. ದಕ್ಷಿಣಕ್ಕೆ ಹೊರಟವನಿಗೆ ಅದು ಬೆನ್ನಿಗೆ ಬಿದ್ದ ಗೆಳೆಯ. ಸೈಕಲ್ ತಾನಾಗಿ ಓಡುತ್ತಿದೆಯೇನೋ ಎನಿಸುತ್ತದೆ. ಮೊದಲ ಕಾಲುಗಂಟೆ ಹಿಮ್ಮಡಿ ಚುರುಚುರು ಎನ್ನುತ್ತದೆ, ಆಮೇಲೆ ಸುಮ್ಮನಾಗುತ್ತದೆ. ಹುಡುಗನಿಗೆ ಸಮಾಧಾನ: ಗಂಟು ಸೋತಿತು, ತಾನು ಗೆದ್ದೆ!

ಇಂಥ ಗೆಲುವು ನಂಬುವಂಥದ್ದಲ್ಲ. ಸ್ನಾಯುರಜ್ಜುವಿನ ನೋವಿನ ಗುಣವೇ ಹೀಗೆ. ಎದ್ದ ಕೂಡಲೆ ಬಿಗಿತ, ಕಾಲು ಬೆಚ್ಚಗಾದಂತೆ ಇಳಿತ, ಕೆಲಸ ಮುಗಿಸಿ ಕೂತ ಮೇಲೆ ದುಪ್ಪಟ್ಟು ಸಿಡಿತ. ನಡುವಿನ ಸುಖವನ್ನು ಗುಣವಾಯಿತೆಂದು ತಿಳಿದವರು ಇನ್ನಷ್ಟು ತುಳಿದು ಮರುದಿನ ಕುಂಟುತ್ತಾರೆ.

ಡೋಣಿಯ ದಂಡೆಯಲ್ಲಿ ಒಂದು ಪಾಠ

ಜುಮನಾಳ ಬಿಟ್ಟು ಮುಂದೆ ಹೋದರೆ ರಸ್ತೆ ಮೆಲ್ಲಗೆ ಇಳಿದು ಡೋಣಿ ನದಿಯನ್ನು ದಾಟುತ್ತದೆ. ಪಶ್ಚಿಮದಿಂದ ಪೂರ್ವಕ್ಕೆ ಹರಿದು ಕೃಷ್ಣೆಯನ್ನು ಸೇರುವ ಈ ನದಿಯ ನೀರು ಸವುಳು, ಆದರೆ ದಂಡೆಯ ಎರೆಮಣ್ಣು ಜೋಳಕ್ಕೆ ಬಂಗಾರ. ಡೋಣಿ ಸೀಮೆಯ ಜೋಳದ ರೊಟ್ಟಿಯ ರುಚಿ ಬಲ್ಲವರೇ ಬಲ್ಲರು. ಸೇತುವೆ ದಾಟಿದ ಮೇಲೆ ಏರು. ಘಟ್ಟದ ಏರಲ್ಲ, ಕಣ್ಣಿಗೆ ಕಾಣದ ಏರು. ಕಾಲಿಗೆ ಮಾತ್ರ ತಿಳಿಯುತ್ತದೆ. ಹುಡುಗ ಸೀಟಿನಿಂದೆದ್ದು ನಿಂತು ತುಳಿಯುವಾಗ ಹಿಮ್ಮಡಿ ಮತ್ತೆ ಮಾತಾಡತೊಡಗುತ್ತದೆ.

ಏನಿದು ಈ ಗಂಟು? ನಮ್ಮ ಪ್ರತಿ ಪಾದದಲ್ಲೂ 26 ಎಲುಬುಗಳಿವೆ. ಅವುಗಳಲ್ಲೆಲ್ಲ ದೊಡ್ಡದು ಹಿಮ್ಮಡಿಯ ಎಲುಬು. ಅದರ ಬೆನ್ನಿಗೆ ಬಂದು ಅಂಟಿಕೊಳ್ಳುವುದು ಅಕಿಲಿಸ್ ಎಂಬ ಸ್ನಾಯುರಜ್ಜು. ಮೀನಖಂಡದ ಬಲವನ್ನೆಲ್ಲ ಪಾದಕ್ಕೆ ಇಳಿಸುವ, ದೇಹದಲ್ಲೇ ಅತ್ಯಂತ ದಪ್ಪನಾದ ಹುರಿ ಅದು. ಕೆಲವರಲ್ಲಿ ಹಿಮ್ಮಡಿ ಎಲುಬಿನ ಹಿಂದಿನ ಮೇಲ್ಮೂಲೆ ನುಣ್ಣಗೆ ಬಾಗಿರುವ ಬದಲು ಮುಂಚಾಚಿ ಕೋನದಂತಿರುತ್ತದೆ. 1927ರಲ್ಲಿ ಸ್ವೀಡನ್ನಿನ ಶಸ್ತ್ರವೈದ್ಯ ಪ್ಯಾಟ್ರಿಕ್ ಹ್ಯಾಗ್ಲುಂಡ್ ಇದನ್ನು ವಿವರಿಸಿದ್ದರಿಂದ ವೈದ್ಯರು ಇದಕ್ಕೆ ಹ್ಯಾಗ್ಲುಂಡ್ ವಿರೂಪ ಎನ್ನುತ್ತಾರೆ. ಹೆಸರು ದೊಡ್ಡದು, ಭಯಪಡುವಂಥದ್ದೇನಲ್ಲ. ಇದು ಕ್ಯಾನ್ಸರಲ್ಲ, ಹುಣ್ಣಲ್ಲ, ಎಲುಬಿನ ಆಕಾರವಷ್ಟೇ. ಹುಟ್ಟಿನಿಂದ ಬಂದ ಪಾದದ ಕಟ್ಟು, ಎತ್ತರದ ಕಮಾನು, ಬಿಗಿಯಾದ ಮೀನಖಂಡ, ಗಡಸು ಬೂಟು ಇವೆಲ್ಲ ಸೇರಿ ಅದನ್ನು ಕೆಣಕುತ್ತವೆ.

ಎಲುಬಿಗೂ ಹುರಿಗೂ ನಡುವೆ ಪುಟ್ಟ ದ್ರವದ ಚೀಲವೊಂದಿದೆ. ಗಾಡಿಯ ಅಚ್ಚಿಗೆ ಕೀಲೆಣ್ಣೆ ಇದ್ದಂತೆ, ತಿಕ್ಕಾಟ ತಪ್ಪಿಸುವುದು ಅದರ ಕೆಲಸ. ಹಿಮ್ಮಡಿ ಕೆಳಗಿಳಿದು ಕಾಲ್ಬೆರಳು ಮೇಲೆದ್ದಾಗಲೆಲ್ಲ ಹುರಿ ಬಿಗಿದು ಎಲುಬಿಗೆ ಒತ್ತುತ್ತದೆ. ಕೋನ ಮುಂಚಾಚಿದ್ದರೆ ನಡುವಿನ ಚೀಲ ನಲುಗುತ್ತದೆ, ಊದುತ್ತದೆ. ಹೊರಗಿನಿಂದ ಬೂಟು ಉಜ್ಜಿದರೆ ಚರ್ಮದ ಕೆಳಗೂ ಬಾವು. ಆದ್ದರಿಂದ ನೋವುಗಳು ಎರಡು: ಹೊರಗಿನ ಉಜ್ಜಿಕೆಯದೊಂದು, ಒಳಗಿನ ಎಳೆತದ್ದೊಂದು. ಇವೆರಡನ್ನೂ ಬಿಡಿಸಿ ನೋಡುವುದೇ ಈ ಗಂಟಿನೊಡನೆ ಬಾಳುವ ವಿದ್ಯೆಯ ಮೊದಲ ಪಾಠ. ಒಂದಕ್ಕೆ ಹಿತವಾದದ್ದು ಇನ್ನೊಂದಕ್ಕೆ ಹಿತವಾಗಬೇಕೆಂದಿಲ್ಲ.

ಲೆಕ್ಕ ಪ್ರಿಯ ವಿದ್ಯಾರ್ಥಿಗಳಿಗೆ ಇಲ್ಲೊಂದು ಲೆಕ್ಕ. ನಿಮಿಷಕ್ಕೆ 80 ಸುತ್ತು ಪೆಡಲ್ ತುಳಿಯುವವನು 40 ಕಿಲೋಮೀಟರನ್ನು 100 ನಿಮಿಷದಲ್ಲಿ ಮುಗಿಸಿದರೆ ಒಂದೊಂದು ಕಾಲೂ 8,000 ಸುತ್ತು ತಿರುಗುತ್ತದೆ. ಪ್ರತಿ ಸುತ್ತಿಗೂ ಹಿಮ್ಮಡಿ ಬೂಟಿನೊಳಗೆ ಎರಡು ಮಿಲಿಮೀಟರ್ ಮೇಲೆದ್ದು ಎರಡು ಮಿಲಿಮೀಟರ್ ಕೆಳಗಿಳಿಯಿತೆಂದುಕೊಳ್ಳಿ. ಒಟ್ಟು ಉಜ್ಜಿಕೆ 32 ಮೀಟರು! ಹುಣಸೆಬೀಜದಷ್ಟು ಜಾಗದ ಮೇಲೆ 32 ಮೀಟರ್ ಉದ್ದದ ಗಟ್ಟಿ ಪಟ್ಟಿಯನ್ನು ಎಳೆದಂತೆ. ಚರ್ಮ ಕೆಂಪಾಗುವುದರಲ್ಲಿ ಆಶ್ಚರ್ಯವೇನು?

ಕೊಲ್ಹಾರದ ಮೊಸರು

ಮುಳವಾಡ ದಾಟಿದ ಮೇಲೆ ಭೂಮಿ ಮತ್ತೆ ಇಳಿಯುತ್ತ ಕೃಷ್ಣೆಯ ಕಡೆಗೆ ವಾಲುತ್ತದೆ. ದೂರದಲ್ಲಿ ನೀರು ಮಿನುಗುತ್ತದೆ. ಅದು ಆಲಮಟ್ಟಿ ಅಣೆಕಟ್ಟಿನ ಹಿನ್ನೀರು. ಹಳೆಯ ಕೊಲ್ಹಾರ ಈ ನೀರಿಗೆ ಸಿಕ್ಕಿ, ಊರು ತನ್ನ ಮನೆ ಮಠಗಳನ್ನು ಎತ್ತಿಕೊಂಡು ಮೇಲಕ್ಕೆ ಸರಿಯಬೇಕಾಯಿತು. ಊರಿಗೆ ಊರೇ ಹೊಸ ಜಾಗಕ್ಕೆ ಒಗ್ಗಿಕೊಂಡರೂ ಅದರ ಮೊಸರಿನ ಹೆಸರು ಮಾತ್ರ ಮುಳುಗಲಿಲ್ಲ. ಮಣ್ಣಿನ ಗಡಿಗೆಯಲ್ಲಿ ಹೆಪ್ಪುಗಟ್ಟಿದ ಕೊಲ್ಹಾರದ ಎಮ್ಮೆಯ ಮೊಸರು ಎಷ್ಟು ಗಟ್ಟಿಯೆಂದರೆ ಚಮಚ ನೆಟ್ಟರೆ ನೆಟ್ಟಗೆ ನಿಲ್ಲುತ್ತದೆ. ಊರ ಮುಂದೆ ಕೋರ್ತಿಯತ್ತ ಚಾಚಿರುವ ಉದ್ದನೆಯ ಸೇತುವೆಯ ಮೇಲೆ ನಿಂತರೆ ಎಡಕ್ಕೂ ಬಲಕ್ಕೂ ನೀರೇ ನೀರು. ಬರದ ಸೀಮೆಯೆಂದು ಹೆಸರಾದ ಜಿಲ್ಲೆಯಲ್ಲಿ ಇಷ್ಟು ನೀರು ಕಂಡವರು ಒಂದು ಗಳಿಗೆ ಮೂಕರಾಗುತ್ತಾರೆ.

ಹುಡುಗ ಸೈಕಲ್ ಇಳಿದ. ಇಳಿದ ಕೂಡಲೆ ತಿಳಿಯಿತು, ಬಲಗಾಲು ಊರಲಾಗುತ್ತಿಲ್ಲ. ತುಳಿಯುವಾಗ ಪಾದದ ಮುಂಭಾಗಕ್ಕೆ ಭಾರ, ನಡೆಯುವಾಗ ಹಿಮ್ಮಡಿಗೆ ಭಾರ. ಅದಕ್ಕೇ ಹತ್ತಾರು ಮೈಲಿ ಸೈಕಲ್ ಹೊಡೆಯಬಲ್ಲವನು ಹತ್ತು ಹೆಜ್ಜೆ ನಡೆಯಲಾರದೆ ನಿಲ್ಲುವುದು. ಮೊಸರಿನ ಗಡಿಗೆ ಮುಂದಿಟ್ಟುಕೊಂಡು ಕೂತ ಮುದುಕಿ ಕಾಲಿನ ಕಡೆ ನೋಡಿದಳು.

“ಯಾಕೋ ತಮ್ಮಾ, ಕುಂಟಾಕತ್ತೀಯಲ್ಲ?”

“ಏನಿಲ್ಲ ಬಿಡಬೇ ಆಯಿ, ಬೂಟು ಕಚ್ಚೈತಿ.”

“ಬೂಟು ಕಚ್ಚಿದ್ರ ಬೂಟು ಬಿಡಬೇಕಪಾ. ಕಾಲು ಬಿಡಾಕ ಬರ್ತೈತೇನು?”

ವೈದ್ಯಶಾಸ್ತ್ರದ ದಪ್ಪ ಪುಸ್ತಕ ಹೇಳುವುದನ್ನೇ ಆ ತಾಯಿ ಒಂದು ಮಾತಿನಲ್ಲಿ ಹೇಳಿದ್ದಳು. ಬೂಟು ಕಳಚಿ ನೋಡಿದರೆ ಗಂಟಿನ ಸುತ್ತ ಕೆಂಪು, ಮುಟ್ಟಿದರೆ ಬಿಸಿ.

ಹಿಂದಿರುಗುವ ದಾರಿಯಲ್ಲಿ ಬೆನ್ನಿಗಿದ್ದ ಗಾಳಿ ಎದೆಗೆ ಬಂತು. ಎದುರು ಗಾಳಿಯ ತಾಪತ್ರಯವೆಂದರೆ ಕಾಲಿಗೆ ಬಿಡುವಿಲ್ಲ. ಇಳಿಜಾರಿನಲ್ಲೂ ತುಳಿಯುತ್ತಲೇ ಇರಬೇಕು. ದಣಿದ ಸವಾರ ಭಾರದ ಗೇರಿನಲ್ಲಿ ಹಿಮ್ಮಡಿಯನ್ನು ಕೆಳಗೊತ್ತಿ ತುಳಿಯುತ್ತಾನೆ. ಹುರಿ ಎಲುಬಿಗೆ ಒತ್ತುವುದು ಆಗಲೇ. ಮುಳವಾಡದ ಹತ್ತಿರ ಹುಡುಗ ನಿಂತುಬಿಟ್ಟ. ಉಳ್ಳಾಗಡ್ಡಿ ಚೀಲ ಹೇರಿಕೊಂಡು ಹೊರಟಿದ್ದ ಪಿಕಪ್ ಗಾಡಿಯವನು ಕನಿಕರಪಟ್ಟು ಸೈಕಲನ್ನು ಚೀಲಗಳ ಮೇಲೆ ಮಲಗಿಸಿಕೊಂಡ. ಶರ್ಯತ್ತಿಗೆ ಹೊರಡಬೇಕಾದವನು ಉಳ್ಳಾಗಡ್ಡಿಯ ಜೊತೆ ಊರಿಗೆ ಬಂದ.

ಗುಮ್ಮಟದ ಮೆಟ್ಟಿಲು, ಮಸೀದಿಯ ಅಂಗಳ

ಮಗನ ಕಾಲು ನೋಡಿ ತಂದೆಗೆ ಮೊದಲು ಬಂದದ್ದು ಸಿಟ್ಟು, ಆಮೇಲೆ ಭಯ. “ಎಲುಬು ಬೆಳದೈತಿ. ಕೊಯ್ಸಿ ತೆಗೆಸೋಣು, ಇಲ್ಲಾ ಈ ಸೈಕಲ್ ಹುಚ್ಚು ಬಿಟ್ಟು ಓದು” ಎಂದರು. ಮಗ ಉತ್ತರ ಕೊಡಲಿಲ್ಲ. ಬಹಳ ಮನೆಗಳಲ್ಲಿ ಮಾತು ನಿಲ್ಲುವುದು ಇಲ್ಲೇ: ಕೊಯ್ಸು, ಇಲ್ಲ ಬಿಡು. ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ ಎಂಬುದು ಎಲುಬು ಕೀಲು ತಜ್ಞರ ಬಳಿಗೆ ಹೋದಾಗ ತಿಳಿಯಿತು. ವೈದ್ಯರು ಪಾದದ ಪಕ್ಕದ ಎಕ್ಸ್‌ರೇ ತೆಗೆಸಿದರು, ಗಂಟನ್ನೂ ಹುರಿಯನ್ನೂ ಬೇರೆಬೇರೆಯಾಗಿ ಒತ್ತಿ ನೋಡಿದರು. ಹುರಿ ಹರಿದಿಲ್ಲ, ಚೀಲ ಊದಿದೆ. ಆರು ವಾರ ಶರ್ಯತ್ತಿನ ಮಾತು ಬೇಡ. ಊತ ಇಳಿಯುವವರೆಗೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ದಿನಕ್ಕೆರಡು ಬಾರಿ ಹತ್ತು ಹದಿನೈದು ನಿಮಿಷ. ಮೀನಖಂಡಕ್ಕೆ ಹನ್ನೆರಡು ವಾರಗಳ ವ್ಯಾಯಾಮ. ಅದರ ನಂತರ ಮುಂದಿನ ಮಾತು.

ಆಯ್ಕೆಯ ಸ್ಪರ್ಧೆ ತಪ್ಪಿತು. ಹದಿನೆಂಟರ ವಯಸ್ಸಿಗೆ ಅದು ಸಣ್ಣ ನಷ್ಟವಲ್ಲ. ಗೆಳೆಯರು ನಸುಕಿನಲ್ಲಿ ಹೆದ್ದಾರಿಗೆ ಹೋದಾಗ ಇವನ ಪಾಲಿಗೆ ಉಳಿದದ್ದು ಊರು ಸುತ್ತುವ ಕೆಲಸ. ಹುಟ್ಟಿದ ಊರನ್ನು ಪ್ರವಾಸಿಯ ಕಣ್ಣಿನಿಂದ ಆತ ನೋಡಿದ್ದು ಆಗಲೇ.

ನೋವಿನ ಕಾಲಿನಲ್ಲಿ ವಿಜಯಪುರ ಸುತ್ತಿದವರಿಗೆ ಒಂದು ವಿಚಿತ್ರ ತಿಳಿಯುತ್ತದೆ. ಜುಮ್ಮಾ ಮಸೀದಿಯ ವಿಶಾಲ ಅಂಗಳದಲ್ಲೋ ಸಿದ್ಧೇಶ್ವರ ಗುಡಿಯಲ್ಲೋ ಪಾದರಕ್ಷೆ ಕಳಚಿ ಬರಿಗಾಲಿನಲ್ಲಿ ನಡೆದರೆ ಗಂಟಿಗೆ ಏನೂ ತಾಗುವುದಿಲ್ಲ. ಉಜ್ಜಿಕೆಯ ನೋವು ಮಾಯ. ಆದರೆ ಅರ್ಧ ತಾಸು ಗಟ್ಟಿ ಕಲ್ಲಿನ ಮೇಲೆ ನಡೆದರೆ ಒಳಗಿನ ಎಳೆತ ಹೆಚ್ಚುತ್ತದೆ. ಬರಿಗಾಲಿನಲ್ಲಿ ಹಿಮ್ಮಡಿ ಪೂರ್ತಿ ಕೆಳಗಿರುವುದರಿಂದ ಹುರಿ ಸಡಿಲಗೊಳ್ಳುವುದಿಲ್ಲ. ಇಲ್ಲಿಯ ಹಿರಿಯರು ಮೆಟ್ಟುವ ಕೊಲ್ಹಾಪುರಿ ಚಪ್ಪಲಿಯ ಕತೆಯೂ ಇದೇ. ಹೆಸರು ಕೊಲ್ಹಾಪುರದ್ದಾದರೂ 2019ರಲ್ಲಿ ಅದಕ್ಕೆ ದೊರೆತ ಭೌಗೋಳಿಕ ಗುರುತಿನಲ್ಲಿ ವಿಜಯಪುರವೂ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳಿವೆ. ಹಿಂದೆ ಪಟ್ಟಿಯಿಲ್ಲದ ಆ ಚಪ್ಪಲಿ ಗಂಟಿಗೆ ಸ್ನೇಹಿತ. ಅಟ್ಟೆ ಚಪ್ಪಟೆಯಾದ್ದರಿಂದ ಹುರಿಗೆ ಅಷ್ಟೇನೂ ಸ್ನೇಹಿತನಲ್ಲ. ಒಳಗೊಂದು ಅರ್ಧ ಅಂಗುಲಕ್ಕಿಂತ ಕಡಿಮೆ ದಪ್ಪದ ಹಿಮ್ಮಡಿ ಮೆತ್ತೆ ಇಟ್ಟ, ಹಿಂಬದಿ ಮೃದುವಾದ ಪಾದರಕ್ಷೆ ಎರಡಕ್ಕೂ ಹಿತ.

ಗೋಲಗುಮ್ಮಟದ ನಾಲ್ಕು ಮೂಲೆಗಳ ಏಳಂತಸ್ತಿನ ಗೋಪುರಗಳಲ್ಲಿ ಮೇಲೇರುವ ಮೆಟ್ಟಿಲುಗಳಿವೆ. ಉಪ್ಪಲಿ ಬುರುಜಿಗೆ ಹೊರಗಿನಿಂದಲೇ ಸುತ್ತಿ ಹತ್ತುವ ಕಲ್ಲಿನ ಪಾವಟಿಗೆಗಳು. ಹತ್ತುವಾಗ ಮುಂಗಾಲನ್ನಷ್ಟೇ ಮೆಟ್ಟಿಲ ಮೇಲಿಟ್ಟು ಹಿಮ್ಮಡಿಯನ್ನು ಅಂಚಿನಾಚೆ ತೂಗಬಿಟ್ಟರೆ ಹುರಿ ಎಲುಬಿಗೆ ಬಿಗಿದು ಚಳಕು ಹೊಡೆಯುತ್ತದೆ. ಪೂರ್ತಿ ಪಾದವನ್ನಿಟ್ಟು ಹತ್ತಿದರೆ ಅಷ್ಟಿಲ್ಲ. ವೈದ್ಯರು ಹೇಳಿದ ವ್ಯಾಯಾಮದ ಗುಟ್ಟೂ ಇದರಲ್ಲೇ ಇದೆ. ಅಕಿಲಿಸ್ ಹುರಿಯ ನಡುಭಾಗದ ನೋವಿಗೆ ಮೆಟ್ಟಿಲಂಚಿನಲ್ಲಿ ನಿಂತು ಹಿಮ್ಮಡಿಯನ್ನು ಕೆಳಗಿಳಿಸುವ ವ್ಯಾಯಾಮ ಪ್ರಸಿದ್ಧ. ಆದರೆ ಹಿಮ್ಮಡಿಯ ಬಳಿಯೇ ನೋವಿರುವವರು ಹಿಮ್ಮಡಿಯನ್ನು ನೆಲಮಟ್ಟಕ್ಕಿಂತ ಕೆಳಗೆ ಬಿಡಬಾರದು. ಸಮನೆಲದ ಮೇಲೆ ನಿಂತು, ಎರಡೂ ಕಾಲಿನ ಮುಂಗಾಲ ಮೇಲೇರಿ, ನೋವಿನ ಕಾಲಿನ ಮೇಲೆ ನಿಧಾನವಾಗಿ ನೆಲ ಮುಟ್ಟುವಷ್ಟು ಮಾತ್ರ ಇಳಿಯಬೇಕು. ಯಾರೋ ಹೇಳಿದರೆಂದು ಮೆಟ್ಟಿಲಂಚಿನಲ್ಲಿ ಜೋತಾಡಿ ನೋವು ಹೆಚ್ಚಿಸಿಕೊಂಡವರಿದ್ದಾರೆ.

ಗುಮ್ಮಟದ ಮೊಗಸಾಲೆಯಲ್ಲಿ ಗೋಡೆಗೆ ಕಿವಿಯಿಟ್ಟವನಿಗೆ ಮಾತ್ರ ಆಚೆ ಬದಿಯ ಪಿಸುಮಾತು ಕೇಳುತ್ತದೆ. ಕೂಗಾಡುವವರ ನಡುವೆ ಅದು ಕಳೆದುಹೋಗುತ್ತದೆ. ದೇಹವೂ ಮೊದಲು ಪಿಸುಗುಡುತ್ತದೆ. ಕೇಳಿಸಿಕೊಳ್ಳದವರಿಗಾಗಿ ಆಮೇಲೆ ಕೂಗುತ್ತದೆ.

ಬೂಟಿನ ಬಟ್ಟಲು, ಕ್ಲೀಟಿನ ಲೆಕ್ಕ

ಸ್ಪರ್ಧೆಯ ಸೈಕಲ್ ಬೂಟಿಗೆ ಎರಡು ವಿಶೇಷ. ಅಟ್ಟೆ ಮಣಿಯದಷ್ಟು ಗಟ್ಟಿ. ಹಿಮ್ಮಡಿಯನ್ನು ಹಿಡಿದು ಕೂರಿಸಲು ಹಿಂದೊಂದು ಗಡಸು ಬಟ್ಟಲು. ಆ ಬಟ್ಟಲಿನ ಮೇಲಂಚು ಸರಿಯಾಗಿ ಗಂಟಿನ ಮೇಲೆ ಬಂದು ಕೂತರೆ ಕಷ್ಟ. ಆಗ ಎಲ್ಲರಿಗೂ ಹೊಳೆಯುವ ಉಪಾಯ ಒಂದು ಅಳತೆ ದೊಡ್ಡ ಬೂಟು. ಇದು ತಪ್ಪು. ಬೂಟು ಸಡಿಲವಾದಷ್ಟೂ ಹಿಮ್ಮಡಿ ಮೇಲೆಕೆಳಗೆ ಜಾರುತ್ತದೆ, 32 ಮೀಟರಿನ ಉಜ್ಜಿಕೆ 50 ಮೀಟರಾಗುತ್ತದೆ. ಬೇಕಾದದ್ದು ದೊಡ್ಡ ಬೂಟಲ್ಲ, ಅದೇ ಅಳತೆಯ, ಹಿಂಬದಿಯಲ್ಲಿ ಮೃದುವಾದ ಬೂಟು. ಪಾದದ ಮೇಲಿನ ಪಟ್ಟಿ ಬಿಗಿಯಿರಲಿ, ಹಿಂದಿನ ಬಟ್ಟಲು ಮೆತ್ತಗಿರಲಿ. ಉಣ್ಣೆಯ ದಪ್ಪ ಬಟ್ಟೆಯನ್ನು ಉದ್ದಿನ ವಡೆಯಂತೆ ನಡುವೆ ತೂತು ಬಿಟ್ಟು ಕತ್ತರಿಸಿ, ಗಂಟು ತೂತಿನಲ್ಲಿ ಬರುವಂತೆ ಅಂಟಿಸಿದರೆ ಒತ್ತಡ ಗಂಟಿನ ಮೇಲಲ್ಲ, ಸುತ್ತಲಿನ ಮೇಲೆ ಬೀಳುತ್ತದೆ. ಚರ್ಮದ ಬೂಟಾದರೆ ಚಪ್ಪಲಿ ಹೊಲಿಯುವ ಕುಶಲಿಗರು ಅಚ್ಚಿಗೆ ಹಾಕಿ ಆ ಜಾಗವನ್ನಷ್ಟೇ ಉಬ್ಬಿಸಿಕೊಡಬಲ್ಲರು. ಪ್ಲಾಸ್ಟಿಕ್ಕಿನ ಗಡಸು ಬಟ್ಟಲಿಗೆ ಈ ಉಪಾಯ ನಡೆಯದು. ಆದ್ದರಿಂದ ಕೊಳ್ಳುವಾಗಲೇ ನೋಡಿ ಕೊಳ್ಳಬೇಕು.

ಇದು ಹೊರಗಿನ ನೋವಿಗೆ ಪರಿಹಾರ. ಒಳಗಿನ ಎಳೆತಕ್ಕೆ ಹೈಸ್ಕೂಲಿನ ಸನ್ನೆಯ ತತ್ವವೇ ಸಾಕು. ಬೂಟಿನಡಿಗೆ ಪೆಡಲನ್ನು ಕಚ್ಚಿ ಹಿಡಿಯುವ ಬಿಲ್ಲೆಗೆ ಕ್ಲೀಟ್ ಎನ್ನುತ್ತಾರೆ. ಕ್ಲೀಟಿನಿಂದ ಹರಡಿನ ಕೀಲಿಗೆ 13 ಸೆಂಟಿಮೀಟರ್, ಅದೇ ಕೀಲಿನಿಂದ ಹಿಂದಿನ ಹುರಿಗೆ 5 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಸವಾರ ಪೆಡಲನ್ನು 20 ಕಿಲೋ ಭಾರದಷ್ಟು ಒತ್ತಿದರೆ ಹುರಿಯ ಮೇಲೆ ಬೀಳುವ ಎಳೆತ 20×13÷5, ಅಂದರೆ 52 ಕಿಲೋ. ಕ್ಲೀಟನ್ನು ಅರ್ಧ ಸೆಂಟಿಮೀಟರ್ ಹಿಮ್ಮಡಿಯ ಕಡೆಗೆ ಸರಿಸಿದರೆ 20×12.5÷5, ಅಂದರೆ 50 ಕಿಲೋ. ಉಳಿದದ್ದು ಎರಡೇ ಕಿಲೋ ಎಂದು ನಗಬೇಡಿ. ಕೊಲ್ಹಾರಕ್ಕೆ ಹೋಗಿಬರಲು ಸುತ್ತು 16,000. ಎರಡೆರಡು ಕಿಲೋದಂತೆ ಕೂಡಿಸುತ್ತ ಹೋದರೆ 32 ಟನ್. ವಿಜಯಪುರದ ಕೋಟೆಯ ಮೇಲೆ ಕೂತಿರುವ ಮಲಿಕ್-ಎ-ಮೈದಾನ್ ತೋಪಿನ ತೂಕ ಸುಮಾರು 55 ಟನ್. ಎರಡು ದಿನದ ಸವಾರಿಯಲ್ಲಿ ಒಂದು ತೋಪಿಗಿಂತ ಹೆಚ್ಚಿನ ಭಾರವನ್ನು ಹಿಮ್ಮಡಿಯಿಂದ ಇಳಿಸಿದಂತಾಯಿತು, ಒಂದು ತಿರುಪು ಸಡಿಲಿಸಿ ಬಿಗಿದದ್ದಕ್ಕೆ!

ಸೀಟಿನ ಎತ್ತರವೂ ಮುಖ್ಯ. ತೀರ ತಗ್ಗಾದರೆ ಸವಾರ ಹಿಮ್ಮಡಿ ಕೆಳಗೊತ್ತಿ ತುಳಿಯುತ್ತಾನೆ. ತೀರ ಎತ್ತರವಾದರೆ ಪೆಡಲ್ ಎಟುಕಿಸಲು ಕಾಲ್ಬೆರಳು ಚಾಚಿ, ಹಿಮ್ಮಡಿ ಬೂಟಿನಿಂದ ಎದ್ದೇಳುತ್ತದೆ. ಪೆಡಲ್ ತೀರ ಕೆಳಗಿದ್ದಾಗ ಮಂಡಿ ತುಸುವೇ ಬಾಗಿರುವುದು ಹದ. ಇನ್ನು ಗಾಳಿಗೆದುರು ಭಾರದ ಗೇರಿನಲ್ಲಿ ಹಟ ಹಿಡಿಯುವುದಕ್ಕಿಂತ ಹಗುರ ಗೇರಿನಲ್ಲಿ ಬೇಗಬೇಗ ತುಳಿಯುವುದು ಲೇಸು. ಇವನ್ನೆಲ್ಲ ಒಂದೇ ದಿನ ಬದಲಿಸಬಾರದು. ಒಂದು ವಾರಕ್ಕೆ ಒಂದು ಬದಲಾವಣೆ. ನೋವಿನ ಲೆಕ್ಕವನ್ನು ವಹಿಯಲ್ಲಿ ಬರೆದಿಟ್ಟರೆ ಯಾವುದರಿಂದ ಗುಣವಾಯಿತೆಂದು ತಿಳಿಯುತ್ತದೆ. ಪ್ರಯೋಗಾಲಯದ ಶಿಸ್ತು ಪ್ರಯೋಗಾಲಯಕ್ಕಷ್ಟೇ ಮೀಸಲಲ್ಲ.

ಮನೆಯ ಹಿರಿಯರಿಗೆ

ಮಕ್ಕಳ ಹಿಮ್ಮಡಿ ನೋವೆಲ್ಲ ಇದೇ ಗಂಟಲ್ಲ. ಎಂಟರಿಂದ ಹದಿನಾಲ್ಕರೊಳಗಿನ ಆಟಗಾರ ಮಕ್ಕಳಲ್ಲಿ ಹಿಮ್ಮಡಿ ನೋಯುವುದು ಹೆಚ್ಚಾಗಿ ಎಲುಬು ಬೆಳೆಯುವ ಪದರ ನಲುಗಿದ್ದರಿಂದ. ಆಟ ತಗ್ಗಿಸಿದರೆ, ಬೆಳವಣಿಗೆ ಮುಗಿದರೆ ಅದು ತಾನಾಗಿ ಹೋಗುತ್ತದೆ. ರಾತ್ರಿ ನಿದ್ದೆಗೆಡಿಸುವ ನೋವು, ಜ್ವರ, ಎರಡೂ ಹಿಮ್ಮಡಿಗಳಲ್ಲಿ ಬೆಳಗಿನ ದೀರ್ಘ ಬಿಗಿತ, ಹುರಿಯ ಮೇಲೆಯೇ ಎದ್ದ ಗಂಟು, ‘ಫಟ್’ ಎಂದು ಸದ್ದಾಗಿ ಕಾಲೂರಲಾಗದಿರುವುದು ಇವು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಗಂಟನ್ನು ತಿಕ್ಕಿ ಕರಗಿಸುತ್ತೇವೆನ್ನುವವರ ಕೈಗೆ ಕಾಲು ಕೊಡಬಾರದು; ಎಲುಬು ಎಣ್ಣೆಗೆ ಕರಗುವುದಿಲ್ಲ. ಬೇಗ ಗುಣವಾಗಲೆಂದು ಸ್ಟೆರಾಯ್ಡ್ ಚುಚ್ಚುಮದ್ದಿಗೆ ಒತ್ತಾಯಿಸುವುದೂ ಸಲ್ಲದು. ಅದು ಹುರಿಯನ್ನು ದುರ್ಬಲಗೊಳಿಸಿ ಹರಿಯುವಂತೆ ಮಾಡೀತು. ತಿಂಗಳುಗಟ್ಟಲೆ ಇವೆಲ್ಲ ಮಾಡಿಯೂ ತಗ್ಗದಿದ್ದರೆ ಉಬ್ಬಿದ ಎಲುಬನ್ನು ಕೆತ್ತುವ ಶಸ್ತ್ರಚಿಕಿತ್ಸೆ ಇದ್ದೇ ಇದೆ. ಅದರ ನಂತರ ಕಾಲು ಮೊದಲಿನಂತಾಗಲು ಹಲವು ತಿಂಗಳು ಹಿಡಿಯುತ್ತದೆ. ಆದ್ದರಿಂದ ಅದು ಕೊನೆಯ ಮೆಟ್ಟಿಲು.

ಎಲ್ಲಕ್ಕಿಂತ ಮುಖ್ಯವಾದದ್ದು ಔಷಧದ ಅಂಗಡಿಯಲ್ಲಿ ಸಿಗದು. ನೋವನ್ನು ಹೇಳಿಕೊಂಡರೆ ಅವಕಾಶ ತಪ್ಪುತ್ತದೆಂಬ ಹೆದರಿಕೆ ಮಕ್ಕಳಿಗೆ ಇರಬಾರದು. ‘ಗಟ್ಟಿ ಹುಡುಗ ನೋವಿಗೆ ಅಳುವುದಿಲ್ಲ’ ಎಂಬ ಹೊಗಳಿಕೆ ಎಷ್ಟೋ ಮಕ್ಕಳ ಬಾಯಿ ಕಟ್ಟಿದೆ. ಕೊಲ್ಹಾರದ ದಾರಿ ಹಿಡಿಯುವ ಮೂರು ವಾರ ಮೊದಲೇ ಹುಡುಗ ಬಾಯಿಬಿಟ್ಟಿದ್ದರೆ ಹತ್ತು ದಿನದ ವಿಶ್ರಾಂತಿಯಲ್ಲಿ ಮುಗಿಯಬಹುದಾದ ಬಾವು ಅದು. ಸುಮ್ಮನಿದ್ದುದರಿಂದ ಒಂದು ಋತುವೇ ಹೋಯಿತು. ಹೇಳಿದ ಮೇಲೆ ತರಬೇತುದಾರರು ಗದರಲೂ ಇಲ್ಲ. “ಮೊದಲ ಹೇಳಬಾರದೇನೋ? ಶರ್ಯತ್ತು ಮುಂದಿನ ವರ್ಷಾನೂ ಬರ್ತಾವು” ಎಂದು ತಾವೇ ಕೂತು ಕ್ಲೀಟು ಸರಿಸಿಕೊಟ್ಟರು.

ಹನ್ನೆರಡು ವಾರ ಕಳೆಯುವಷ್ಟರಲ್ಲಿ ಬಿಳಿಜೋಳ ಕೊಯ್ಲಾಗಿ ಹೊಲ ಬರಿದಾಗಿರುತ್ತದೆ, ಎರೆಮಣ್ಣು ಬಿರಿಯತೊಡಗಿರುತ್ತದೆ. ಮೊದಲ ದಿನ ಜುಮನಾಳದವರೆಗೆ ಮಾತ್ರ, ಮರುವಾರ ಡೋಣಿಯವರೆಗೆ, ಅದರ ಮುಂದಿನ ವಾರ ಮುಳವಾಡಕ್ಕೆ. ಪ್ರತಿ ಬಾರಿಯೂ ಮರುದಿನ ಬೆಳಗಿನ ಬಿಗಿತವನ್ನು ನೋಡಿಯೇ ಮುಂದಿನ ಹೆಜ್ಜೆ. ಗಂಟು ಎಲ್ಲಿಯೂ ಹೋಗಿಲ್ಲ, ಹೋಗುವುದೂ ಇಲ್ಲ. ಹರಿತವಾದ ಮಾತಿನ ನೆಂಟರೊಡನೆ ಹೇಗೆ ಹುಷಾರಾಗಿ ನಡೆದುಕೊಳ್ಳುತ್ತೇವೋ ಹಾಗೆ ಅದರೊಡನೆ ನಡೆದುಕೊಳ್ಳಬೇಕು: ಕೆಣಕಬಾರದು, ಮರೆಯಲೂಬಾರದು. ಅಷ್ಟು ಕಲಿತವನಿಗೆ ವಿಜಯಪುರದ ಬಯಲು ಮತ್ತೆ ತೆರೆದುಕೊಳ್ಳುತ್ತದೆ. ಕೊಲ್ಹಾರದ ಮೊಸರಿನವರೆಗೂ, ಗಾಳಿ ಒಲಿದರೆ ಸೇತುವೆಯಾಚೆಗೂ.